ಟೇಪಣ್ಣನ ದೋಣಿಗೆ ಕೋಲು ಆರಿಸಿದ್ದು

ಗೊತ್ತಿಲ್ಲದ ಸಾಮಾನನ್ನು ಕೊಳ್ಳಲು ಹೋದ ಮನುಷ್ಯನಿಗೆ ಎರಡು ದಾರಿಗಳಿರುತ್ತವೆ. 'ನನಗೆ ಗೊತ್ತಿಲ್ಲ, ತಿಳಿಸಿ ಹೇಳಿ' ಎಂದು ಅಂಗಡಿಯವನನ್ನು ಕೇಳುವುದು ಒಂದು. ಗಂಟಲು ಸರಿಮಾಡಿಕೊಂಡು, ಅಂಗಡಿಯಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದೋ ಅದಕ್ಕೆ ಬೆರಳು ತೋರಿಸಿ 'ಇದೇ ಕೊಡಿ' ಎನ್ನುವುದು ಇನ್ನೊಂದು. ನಮ್ಮ ಟೇಪಣ್ಣ ಮೊದಲನೆಯ ದಾರಿಯ ಕಡೆ ತಲೆ ಹಾಕಿಯೂ ಮಲಗಿದವನಲ್ಲ.

ಟೇಪಣ್ಣ ದರ್ಜಿ. ಕೊರಳಲ್ಲಿ ಅಳತೆಯ ಟೇಪು ಇಲ್ಲದೆ ಅವನನ್ನು ಕಂಡವರು ನಮ್ಮ ಬೀದಿಯಲ್ಲಿ ಇಲ್ಲ. ಸಾವಿನ ಮನೆಗೂ ಹಾಕಿಕೊಂಡೇ ಹೋಗುತ್ತಾನೆ, ಅಲ್ಲಿ ಯಾರೂ ಏನೂ ಅನ್ನುವುದಿಲ್ಲ, ಆದರೆ ಅವನು ನೋಡಿದವರೆಲ್ಲ ಸ್ವಲ್ಪ ಸರಿದು ನಿಲ್ಲುತ್ತಾರೆ. ನನ್ನದು ಪಕ್ಕದ ವಾಚ್ ರಿಪೇರಿ ಅಂಗಡಿ. ನಡುವೆ ಇರುವುದು ಬರೀ ಹಲಗೆಯ ಗೋಡೆ. ಅವನ ಮಿಷನ್ನಿನ ಸದ್ದು ನನಗೆ ಕೇಳುತ್ತದೆ, ನನ್ನ ಗೊಣಗಾಟ ಅವನಿಗೆ ಕೇಳುತ್ತದೆ. ಮನೆಗಳೂ ಒಂದೇ ಕಟ್ಟಡದಲ್ಲಿ, ಅವನದು ಮೇಲಿನ ಮಹಡಿ, ನನ್ನದು ಕೆಳಗೆ. ಹೀಗಾಗಿ ಅವನ ಕಷ್ಟಗಳು ಎಲ್ಲಿಗೆ ಹೊರಟರೂ ನನ್ನನ್ನು ದಾಟಿಯೇ ಹೋಗಬೇಕು. ದಾಟಿ ಹೋದರೆ ಸರಿ, ಎಷ್ಟೋ ಸಲ ನನ್ನಲ್ಲೇ ತಂಗುತ್ತವೆ.

ಅವನಿಗೂ ಅವನ ಹೆಂಡತಿಯ ಅಣ್ಣನಿಗೂ ಪಾಲಿನಲ್ಲಿ ಒಂದು ಹಳೆಯ ಮೋಟಾರು ದೋಣಿ ಇತ್ತು. ಹೊಟ್ಟೆಪಾಡಿಗಲ್ಲ, ಭಾನುವಾರದ ಶೋಕಿಗೆ. ಹೆಂಡತಿಯ ಅಣ್ಣ ಬೇಕರಿ ನಡೆಸುತ್ತಾರೆ. ದಪ್ಪ ದೇಹ, ಸಣ್ಣ ಸಿಟ್ಟು, ಬೇಗ ಉಬ್ಬುವ ಸ್ವಭಾವ. ಟೇಪಣ್ಣ ಅವರನ್ನು ಭಾವ ಎನ್ನುತ್ತಿದ್ದುದರಿಂದ ಬೀದಿಗೆಲ್ಲ ಅವರು ಬೇಕರಿ ಭಾವ ಆದರು. ಇಬ್ಬರಿಗೂ ಮೀನು ಹಿಡಿಯಲು ಬರುತ್ತಿರಲಿಲ್ಲ. ಆದರೆ ಇಬ್ಬರೂ ಅದನ್ನು ಒಪ್ಪಿಕೊಂಡಿರಲಿಲ್ಲ, ಅದರಿಂದ ದೋಣಿಯಲ್ಲಿ ಪರಸ್ಪರ ಗೌರವ ಉಳಿದಿತ್ತು. ಚುಕ್ಕಾಣಿ ಹಿಡಿಯುವ ಕೆಲಸ ನನ್ನದು. ನನಗೆ ಮೀನೂ ಬೇಡ, ಗೌರವವೂ ಬೇಡ, ವಾರಕ್ಕೊಮ್ಮೆ ಭೂತಗನ್ನಡಿಯಿಲ್ಲದೆ ಕಾಣುವಂಥ ಯಾವುದನ್ನಾದರೂ ನೋಡಿದರೆ ಸಾಕು. ಸಮುದ್ರ ಆ ಮಟ್ಟಿಗೆ ಒಳ್ಳೆಯದು.

ಅವರ ಮೀನು ಹಿಡಿಯುವ ರೀತಿ ಹೀಗೆ: ದೋಣಿಯನ್ನು ನಾನು ನಿಧಾನವಾಗಿ ಓಡಿಸುತ್ತ ಹೋಗುವುದು, ಇಬ್ಬರೂ ಹಿಂದುಗಡೆ ಕೂತು ಗಾಳದ ದಾರಗಳನ್ನು ಉದ್ದಕ್ಕೆ ಬಿಟ್ಟು ಎಳೆದುಕೊಂಡು ಬರುವುದು. ದೋಣಿಯ ಹಿಂಭಾಗ ಒಂದು ಬಾಗಿಲಿಗಿಂತ ಸ್ವಲ್ಪ ಅಗಲ, ಅಷ್ಟೇ. ನಾನು ಚೂರು ತಿರುಗಿಸಿದರೆ ಸಾಕು, ಎರಡು ದಾರಗಳೂ ಹೋಗಿ ಒಂದನ್ನೊಂದು ತಬ್ಬಿಕೊಳ್ಳುತ್ತಿದ್ದವು. ಆಮೇಲೆ ಅರ್ಧ ದಿನ ಸಿಕ್ಕು ಬಿಡಿಸುವುದು, ಇನ್ನರ್ಧ ದಿನ ಅದು ಯಾರ ತಪ್ಪೆಂದು ತೀರ್ಮಾನಿಸುವುದು.

ಅಂಥ ಒಂದು ಭಾನುವಾರ ಬೇಕರಿ ಭಾವನ ಗಾಳಕ್ಕೆ ದೊಡ್ಡ ಮೀನು ಬಿತ್ತು. ನಿಜವಾಗಿಯೂ ದೊಡ್ಡದು, ನೀರಿನಿಂದ ಮೇಲೆ ನೆಗೆದಾಗ ನಾನೇ ನೋಡಿದ್ದೇನೆ. ಅದು ಟೇಪಣ್ಣನ ದಾರಕ್ಕೆ ಸುತ್ತಿಕೊಂಡಿತು. ಭಾವ ಚಾಕು ತೆಗೆದು ಟೇಪಣ್ಣನ ದಾರವೆಂದು ಒಂದನ್ನು ಕತ್ತರಿಸಿದರು. ಅವಸರದಲ್ಲಿ ಕತ್ತರಿಸಿದ್ದು ತಮ್ಮದೇ ದಾರವನ್ನು ಎಂದು ಮೀನು ಹೋದ ಮೇಲೆ ತಿಳಿಯಿತು. ಟೇಪಣ್ಣ ನಗಬಾರದಿತ್ತು, ನಕ್ಕ. ನಕ್ಕಿದ್ದಲ್ಲದೆ, ಕತ್ತರಿ ಹಿಡಿಯುವ ಕೆಲಸ ದರ್ಜಿಗೇ ಬಿಡಬೇಕು ಭಾವ ಎಂದ.

ಅವತ್ತಿನಿಂದ ಮಾತು ನಿಂತಿತು. ಬೇಕರಿ ಭಾವ ತಂಗಿಯ ಮನೆಯ ಮೆಟ್ಟಿಲು ಹತ್ತುವುದನ್ನೂ ಬಿಟ್ಟರು. ಗಾಳಿಗಾಲ ಬರುವುದರೊಳಗೆ ದೋಣಿ ಮಾರಿಬಿಡೋಣ ಎಂದು ಯಾರ ಕೈಯಲ್ಲೋ ಹೇಳಿಕಳಿಸಿದರು.

ಟೇಪಣ್ಣನ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಅವಳಿಗೆ ತವರು ಎಂದು ಉಳಿದಿರುವುದು ಆ ಅಣ್ಣ ಒಬ್ಬನೇ. ಗಂಡನನ್ನು ಬೈದರೆ ಅಣ್ಣನ ಕಡೆಯವಳಾಗುತ್ತಾಳೆ, ಅಣ್ಣನನ್ನು ಬೈದರೆ ತಾನೇ ಅತ್ತುಬಿಡುತ್ತಾಳೆ. ಅದಕ್ಕೆ ಅವಳು ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಟೇಪಣ್ಣನಿಗೆ ನಿದ್ದೆಯಾದರೂ ಬರುತ್ತಿತ್ತು. ಮೆಟ್ಟಿಲ ಮೇಲೆ ದಪ್ಪ ಹೆಜ್ಜೆಯ ಸದ್ದು ಕೇಳಿದಾಗಲೆಲ್ಲ ಅವಳು ಕೈಕೆಲಸ ನಿಲ್ಲಿಸುತ್ತಾಳೆ, ಗ್ಯಾಸಿನವನೋ ಇನ್ಯಾರೋ ಎಂದು ತಿಳಿದ ಮೇಲೆ ಮತ್ತೆ ಶುರುಮಾಡುತ್ತಾಳೆ ಎಂದು ಟೇಪಣ್ಣ ಒಂದು ದಿನ ಹಲಗೆ ಗೋಡೆಯ ಆಚೆಯಿಂದ ನನಗೆ ಹೇಳಿದ. ಹೇಳಿ ಮಿಷನ್ ತುಳಿಯಲಿಲ್ಲ. ಆಚೆ ಕಡೆ ಅಷ್ಟು ಹೊತ್ತು ಸದ್ದಿಲ್ಲದಿದ್ದುದು ನನಗೆ ನೆನಪಿಲ್ಲ.

ಆಮೇಲೆ ಅವನೇ ಎದ್ದು ಬಂದು, ದಾರ ಸಿಕ್ಕಾಗದ ಹಾಗೆ ಏನಾದರೂ ಸಾಮಾನು ಇರಲೇಬೇಕು, ನಡಿ ಎಂದ.

ಬೋಟಿನ ಸಾಮಾನಿನ ಅಂಗಡಿಯವನು ಕಷ್ಟವನ್ನು ಪೂರ್ತಿ ಕೇಳುವ ಮೊದಲೇ ಔಟ್‌ರಿಗರ್ ಎಂದ. ದೋಣಿಯ ಎರಡು ಅಂಚಿಗೆ ಕೂರಿಸುವ ಎರಡು ಉದ್ದನೆಯ ಕೋಲುಗಳು. ದಡದಲ್ಲಿ ನೆಟ್ಟಗೆ ನಿಂತಿರುತ್ತವೆ, ಸಮುದ್ರಕ್ಕೆ ಹೋದ ಮೇಲೆ ಹಕ್ಕಿ ರೆಕ್ಕೆ ಬಿಚ್ಚಿದ ಹಾಗೆ ಎರಡು ಕಡೆಗೂ ಬಾಗಿಸಬೇಕು. ಗಾಳದ ದಾರವನ್ನು ಕೋಲಿನ ತುದಿಯ ಕ್ಲಿಪ್ಪಿಗೆ ಸಿಕ್ಕಿಸಿದರೆ ಒಂದು ದಾರ ಆ ಕಡೆ ದೂರ, ಇನ್ನೊಂದು ಈ ಕಡೆ ದೂರ. ಮೀನು ಕಚ್ಚಿ ಎಳೆದರೆ ಕ್ಲಿಪ್ಪು ಪಟ್ಟೆಂದು ಬಿಟ್ಟುಕೊಳ್ಳುತ್ತದೆ, ದಾರ ನೇರ ಕೈಗೆ ಬರುತ್ತದೆ. ನನಗೆ ಇದು ಇಷ್ಟವಾಯಿತು. ಒಳ್ಳೆಯ ಗಡಿಯಾರದ ಒಳಗೂ ಇಂಥದೇ ನ್ಯಾಯ ಇರುತ್ತದೆ, ಹತ್ತಿರದ ಚಕ್ರಗಳಿಗೆ ನಡುವೆ ಚೂರು ಜಾಗ ಬಿಟ್ಟಿರುತ್ತಾರೆ.

ಟೇಪಣ್ಣ ಮಾತ್ರ, ಅದೇ, ಅದಕ್ಕೇ ಬಂದಿದ್ದು, ನಮ್ಮ ತಾತನ ಕಾಲದಿಂದ ನೋಡ್ತಾ ಇದೀನಿ ಎಂದುಬಿಟ್ಟ. ಅವನ ತಾತ ಸಮುದ್ರ ಕಂಡವರೇ ಅಲ್ಲ.

ಅಂಗಡಿಯವನು ಸಜ್ಜನ. ದೋಣಿ ಎಷ್ಟುದ್ದ ಎಂದು ಕೇಳಿದ. ಅಂಚಿಗೆ ಕೂರಿಸುತ್ತೀರೋ ಚಾವಣಿಗೋ, ಅಲ್ಯೂಮಿನಿಯಮ್ಮೋ ಕಾರ್ಬನ್ನೋ, ಒಂದೇ ಕೊಳವೆಯದೋ ಅಥವಾ ಒಂದರೊಳಗೊಂದು ಸರಿದು ಗಿಡ್ಡವಾಗುವುದೋ ಎಂದು ಕೇಳಿದ. ನಿಮ್ಮದು ಸಣ್ಣ ದೋಣಿ, ಗಿಡ್ಡವಾಗುವುದನ್ನೇ ತಗೊಳ್ಳಿ, ಬೇಕಾದಷ್ಟು ಎಳೆದುಕೊಳ್ಳಬಹುದು ಎಂದೂ ಹೇಳಿದ. ಟೇಪಣ್ಣನ ಮುಖ ಬಿಗಿಯಿತು. ಗಿಡ್ಡವಾಗುವ ಸಾಮಾನು ಎಂದರೆ ದರ್ಜಿಗೆ ಒಂದೇ ಅರ್ಥ: ಕಳಪೆ. ಒಗೆದ ಮೇಲೆ ಗಿಡ್ಡವಾದ ಪ್ಯಾಂಟುಗಳಿಂದಾಗಿ ಅವನು ಜೀವನದಲ್ಲಿ ಬಹಳ ಮಾತು ಕೇಳಿದ್ದ.

"ನೋಡಿ, ನಲವತ್ತು ವರ್ಷದ ಅನುಭವ ನಂದು," ಎಂದ ಟೇಪಣ್ಣ. "ಚಿಕ್ಕದಾದ್ರೆ ಕೂಡಿಸೋಕಾಗಲ್ಲ. ದೊಡ್ಡದಾದ್ರೆ ಯಾವತ್ತು ಬೇಕಾದ್ರೂ ಹೊಲಿಗೆ ಹಾಕಿ ಹಿಡಿಬಹುದು. ಒಂದೇ ಕೊಳವೆದು, ಉದ್ದ ಇರೋದು ಕೊಡಿ."

"ಇದನ್ನ ಹಿಡಿಯೋಕೆ ಬರಲ್ಲ ಸಾರ್. ಉದ್ದ ಜಾಸ್ತಿ ಆದ್ರೆ ಅಲೆಗೆ ಬುಡನೇ ಕಿತ್ತು ಬರುತ್ತೆ."

ನಾನು ಅಂಗಡಿಯವನ ಪರವಾಗಿ ಕೆಮ್ಮಿದೆ. ಟೇಪಣ್ಣ ನನ್ನ ಕಡೆ ತಿರುಗಿ, ಬೆಳೆಯೋ ಮಕ್ಕಳ ಬಟ್ಟೆ ಯಾವಾಗಲೂ ಒಂದು ಅಳತೆ ಮುಂದೆ ಹೊಲೀಬೇಕು ಎಂಬ ಶಾಸ್ತ್ರ ಹೇಳಿದ. ಹಳೆಯ ದೋಣಿ ಇನ್ನೆಷ್ಟು ಬೆಳೆಯುತ್ತದೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅದಕ್ಕೂ ಉತ್ತರ ಇರುತ್ತಿತ್ತು.

ಆ ಕೋಲುಗಳನ್ನು ಸಾಗಿಸಲು ಯಾವ ಗಾಡಿಯವನೂ ಒಪ್ಪಲಿಲ್ಲ. ಮುಂದಿನ ತುದಿ ಟೇಪಣ್ಣನ ಹೆಗಲ ಮೇಲೆ, ಹಿಂದಿನ ತುದಿ ನನ್ನ ಹೆಗಲ ಮೇಲೆ, ನಡುವೆ ಒಂದು ಸಣ್ಣ ಬೀದಿಯಷ್ಟು ಅಂತರ. ಅವನು ತಿರುವು ಮುಗಿಸಿ ಮುಂದಿನ ರಸ್ತೆಯವರ ಜೊತೆ ಮಾತಾಡುತ್ತಿದ್ದಾಗ ನಾನು ಹಿಂದಿನ ರಸ್ತೆಯಲ್ಲಿ ಕ್ಷಮೆ ಕೇಳುತ್ತಿದ್ದೆ. ಕ್ಷೌರದಂಗಡಿಯ ಬೋರ್ಡು ಬಿತ್ತು. ಹಣ್ಣಿನವಳು ತನ್ನ ಕೊಡೆಯ ಕೆಳಗಿಂದ ಆಡಿದ ಮಾತುಗಳನ್ನು ಬರೆದರೆ ಈ ಪುಸ್ತಕ ಮನೆಯಲ್ಲಿ ಇಡುವ ಹಾಗಿರುವುದಿಲ್ಲ. ದೋಣಿಕಟ್ಟೆ ಹತ್ತಿರದಲ್ಲೇ ಇತ್ತು, ಅಲ್ಲಿಗೇ ಹೋಗೋಣ ಎಂದು ನಾನು ಕಿರುಚಿದೆ. ಟೇಪಣ್ಣ ಮನೆ ಕಡೆ ತಿರುಗಿಯಾಗಿತ್ತು. ಟ್ರಯಲ್ ನೋಡದೆ ಯಾವ ಕೆಲಸವನ್ನೂ ಅವನು ಗಿರಾಕಿಗೆ ಒಪ್ಪಿಸಿದವನಲ್ಲ, ಈಗಲೂ ಒಪ್ಪಿಸಲಾರ. ಗಿರಾಕಿ ಯಾರು ಎಂದರೆ ಬೇಕರಿ ಭಾವ. ಭಾವನ ಎದುರಿಗೆ ಈ ಕೋಲುಗಳನ್ನು ಬಿಚ್ಚುವಾಗ ಒಂದು ಸುಕ್ಕೂ ಇರಬಾರದು.

ಮೆಟ್ಟಿಲಲ್ಲಿ ಕೋಲು ತಿರುಗಲಿಲ್ಲವಾದ್ದರಿಂದ ಹಗ್ಗ ಕಟ್ಟಿ ಹೊರಗಿನಿಂದ ಮೇಲಕ್ಕೆ ಎಳೆದೆವು. ಬಾಲ್ಕನಿಯ ಕಂಬಿಗೆ ಬುಡ ಕೂರಿಸಿ ಬೋಲ್ಟು ಬಿಗಿದೆವು. ಅಕ್ಕ ಬಂದು ನೋಡಿದಳು. ಬಟ್ಟೆ ಒಣಗಿಸುವುದಕ್ಕೋ ಎಂದು ಕೇಳಿದಳು. ನಿಮ್ಮಣ್ಣನ್ನ ಕರ್ಕೊಂಡ್ ಬರೋದಕ್ಕೆ ಎಂದ ಟೇಪಣ್ಣ. ಅವಳು ಆ ಕೋಲುಗಳನ್ನು ಬುಡದಿಂದ ತುದಿಯವರೆಗೆ ಇನ್ನೊಮ್ಮೆ ನೋಡಿ, ಒಳಗೆ ಹೋಗಿ ನಮಗೆ ಟೀ ತಂದುಕೊಟ್ಟಳು.

ನೆಟ್ಟಗೆ ನಿಲ್ಲಿಸಿದಾಗ ಕೋಲುಗಳು ಕಟ್ಟಡದ ತಾರಸಿಗಿಂತ ಎತ್ತರ. ಬಾಗಿಸಿದಾಗ ಒಂದು ಬೀದಿಯ ದೀಪದ ಕಂಬವನ್ನು ಮುಟ್ಟುತ್ತಿತ್ತು, ಇನ್ನೊಂದು ಎದುರುಮನೆಯ ಗಣಿತದ ಟೀಚರ್ ಅಡುಗೆಮನೆಯ ಕಿಟಕಿಯಲ್ಲಿ ಒಂದು ಮೊಳ ಒಳಗೆ ಹೋಗುತ್ತಿತ್ತು. ಟೀಚರ್ ಮೊದಲ ದಿನ ಅದಕ್ಕೆ ಸೌಟು ನೇತುಹಾಕಿದರು. ಎರಡನೆಯ ದಿನ ಅವರಿಗೆ ತಲೆನೋವು ಬಂತು. ಮೊಬೈಲ್ ಟವರಿನಿಂದ ತಲೆನೋವು ಬರುತ್ತದೆಂದು ಅವರು ಎಲ್ಲೋ ಓದಿದ್ದರು. ಇದು ಟವರಲ್ಲದೆ ಇನ್ನೇನು ಎಂದು ಬೀದಿಯವರನ್ನು ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಬೀದಿಯ ಅರ್ಧ ಜನಕ್ಕೆ ತಲೆನೋವು. ಉಳಿದರ್ಧ ಜನ ತಮ್ಮ ಫೋನಿನಲ್ಲಿ ಮಾತು ಈಗ ಎಷ್ಟೋ ಸ್ಪಷ್ಟವಾಗಿ ಕೇಳುತ್ತಿದೆ ಎಂದು ಟೇಪಣ್ಣನಿಗೆ ಉಪಕಾರ ಹೇಳಿದರು.

ಇದಕ್ಕೆಲ್ಲ ಉಪ್ಪುಖಾರ ಬೆರೆಸಿದ್ದು ನಾನು ಮೀನಾದದ್ದು. ಟ್ರಯಲ್ ಪೂರ್ತಿಯಾಗಬೇಕಾದರೆ ಯಾರಾದರೂ ದಾರ ಎಳೆಯಬೇಕಲ್ಲ. ಟೇಪಣ್ಣ ಬಾಲ್ಕನಿಯಲ್ಲಿ ಸ್ಟೂಲಿನ ಮೇಲೆ ಗಾಳ ಹಿಡಿದು ಕೂತ. ನಾನು ಕೆಳಗೆ ಬೀದಿಯಲ್ಲಿ ದಾರದ ತುದಿ ಹಿಡಿದು ಓಡಿದೆ. ಮೀನು ಅಷ್ಟು ನಿಧಾನ ಓಡುತ್ತೇನೋ ಎಂದು ಮೇಲಿನಿಂದ ಬೈದ. ಜೋರಾಗಿ ಓಡಿದೆ. ಹಲ್ಲುಕಚ್ಚಿ ಎಳೆದೆ. ಕ್ಲಿಪ್ಪು ಪಟ್ಟೆಂದು ಬಿಟ್ಟಿತು. ಇನ್ನೊಮ್ಮೆ, ಈಗ ಎಡಗಡೆ ಎಂದ. ವಾಚ್ ರಿಪೇರಿಯವನು ಹಗಲುಹೊತ್ತು ದಾರ ಹಿಡಿದು ಬೀದಿಯಲ್ಲಿ ಆ ಕಡೆ ಈ ಕಡೆ ಓಡುತ್ತಿದ್ದರೆ ಜನ ಸುಮ್ಮನೆ ನೋಡಿ ಹೋಗುತ್ತಾರೆಯೇ? ನಗರಸಭೆಗೆ ಫೋನು ಹೋಯಿತು.

ಇನ್‌ಸ್ಪೆಕ್ಟರ್ ಬಂದರು. ಬಿಸಿಲಿನಿಂದ ಬಂದ ಮನುಷ್ಯ, ಮೊದಲು ನೆರಳಲ್ಲಿ ನಿಂತು ಬೆವರು ಒರೆಸಿಕೊಂಡರು, ಆಮೇಲೆ ತಲೆಯೆತ್ತಿ ನೋಡಿದರು. ಇದು ಯಾವ ಕಂಪನಿಯ ಟವರು ಎಂದು ಕೇಳಿದರು. ಟವರಲ್ಲ ಸಾರ್, ಮೀನು ಹಿಡಿಯೋ ಕೋಲು ಎಂದ ಟೇಪಣ್ಣ. ಇನ್‌ಸ್ಪೆಕ್ಟರ್ ಬೀದಿಯ ಎರಡೂ ತುದಿ ನೋಡಿ, ಮೀನೆಲ್ಲಿ ಎಂದರು. ಎಲ್ಲರೂ ನನ್ನ ಕಡೆ ನೋಡಿದರು.

ಟೇಪಣ್ಣ ಗಾಬರಿಯಾಗಿ, ಟವರಿನ ಅನುಮಾನ ಹೋಗಲೆಂದು, ಹಗ್ಗ ಬಿಟ್ಟು ಕೋಲುಗಳನ್ನು ಬಾಗಿಸಿದ. ಇನ್‌ಸ್ಪೆಕ್ಟರ್ ಮುಖ ಇನ್ನೂ ಗಂಭೀರವಾಯಿತು.

"ನಿಲ್ಲಿಸಿದ್ರೆ ಟವರು, ಅದಕ್ಕೆ ಪರ್ಮಿಶನ್ ಇಲ್ಲ. ಮಲಗಿಸಿದ್ರೆ ರಸ್ತೆ ಅತಿಕ್ರಮಣ, ಅದಕ್ಕೂ ಇಲ್ಲ. ಎರಡರಲ್ಲಿ ಯಾವುದು ಅಂತ ನೀವೇ ಹೇಳಿ, ನಾನು ಬಲವಂತ ಮಾಡಲ್ಲ."

ಗಣಿತದ ಟೀಚರನ್ನು ತಲೆನೋವಿನ ನಡುವೆಯೂ ಕಸುಬು ಬಿಡಲಿಲ್ಲ. ಅವರು ಕಿಟಕಿಯಿಂದ ತಲೆ ಹಾಕಿ, ನಲವತ್ತೈದು ಡಿಗ್ರಿಯಲ್ಲಿ ನಿಲ್ಲಿಸಿದರೆ ಎರಡೂ ಅಲ್ಲವಲ್ಲ ಎಂದರು. ಇನ್‌ಸ್ಪೆಕ್ಟರ್ ಬಹಳ ಹೊತ್ತು ಯೋಚಿಸಿದರು. ಓರೆಯಾಗಿ ನಿಂತಿರುವ ವಸ್ತುವಿನ ಬಗ್ಗೆ ನಿಯಮಗಳಲ್ಲಿ ಏನೂ ಹೇಳಿಲ್ಲವಂತೆ. ಹೇಳಿಲ್ಲದ ಮೇಲೆ ಬೇಡ ಎನ್ನಲೂ ಬಾರದು, ಸರಿ ಎನ್ನಲೂ ಬಾರದು. ಸರ್ಕಾರಿ ಕೆಲಸದಲ್ಲಿ ಇರುವವರಿಗೆ ಇಂಥ ಕ್ಷಣದಲ್ಲಿ ಆಗುವ ಸಂಕಟ ನಮ್ಮಂಥವರಿಗೆ ಅರ್ಥವಾಗುವುದಿಲ್ಲ. ಅವರು ಮತ್ತೆ ನೆರಳಿಗೆ ಹೋಗಿ ನಿಂತರು.

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಬೇಕರಿ ಭಾವ ಕಾಣಿಸಿಕೊಂಡರು. ಮೊಣಕೈವರೆಗೆ ಹಿಟ್ಟು. ಬನ್ನು ಕೊಳ್ಳಲು ಹೋದ ಯಾರೋ ಅವರಿಗೆ ಸುದ್ದಿ ಮುಟ್ಟಿಸಿದ್ದರು. ಸುದ್ದಿ ಬೇಕರಿ ತಲುಪುವ ಹೊತ್ತಿಗೆ ಬೇರೆಯೇ ಆಕಾರ ತಾಳಿತ್ತು: ಭಾವನ ದಾರ ತನ್ನ ದಾರಕ್ಕೆ ತಾಕಬಾರದೆಂದು ದರ್ಜಿ ಊರಗಲದ ಕೋಲು ತಂದು ನಡುವೆ ಬೇಲಿ ಹಾಕಿದ್ದಾನೆ, ಅದನ್ನು ಎಲ್ಲರೂ ನೋಡಲಿ ಎಂದು ಬಾಲ್ಕನಿಯಲ್ಲಿ ನಿಲ್ಲಿಸಿದ್ದಾನೆ. ಯೋಚಿಸಿದರೆ ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಅದೇ ತೊಂದರೆ.

ಭಾವ ಬಾಲ್ಕನಿಯ ಕೆಳಗೆ ಬಂದು ನಿಂತರು.

"ನನ್ನ ದಾರ ತಾಕಿದ್ರೆ ಮೈಲಿಗೆ ಆಗುತ್ತೇನ್ರಿ ನಿಮಗೆ?" ಎಂದರು. "ಸಮುದ್ರಕ್ಕೂ ಗೋಡೆ ಕಟ್ಟೋಕೆ ಹೊರಟಿದೀರಲ್ಲ. ದೋಣಿ ಮಾರೋಣ ಅಂದೆ. ಅಷ್ಟು ಸಾಲದಾಯ್ತಾ?"

ಟೇಪಣ್ಣ ಟ್ರಯಲ್ ಮಾಡಿಕೊಂಡಿದ್ದ ಮಾತುಗಳೆಲ್ಲ ಬೇರೆ ಇದ್ದವು. ಕೊರಳ ಟೇಪನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಕಂಬಿಯ ಮೇಲೆ ಬಗ್ಗಿದ.

"ಬೇಲಿ ಅಲ್ಲ ಭಾವ. ದಾರ ಸಿಕ್ಕಾಗದೆ ಇದ್ರೆ ನೀವು ಜಗಳ ಆಡಲ್ಲ, ಜಗಳ ಆಡದೆ ಇದ್ರೆ ಬಿಟ್ಟು ಹೋಗಲ್ಲ ಅಂತ ತಂದೆ."

ನಾನು ಮೀನಾಗಿ ಬೀದಿಯ ನಡುವೆ ದಾರ ಹಿಡಿದು ನಿಂತಿದ್ದೆ. ಭಾವ ನನ್ನ ಕೈಯಿಂದ ದಾರ ಕಿತ್ತುಕೊಂಡರು. ಒಂದು ಸಲ ಜಗ್ಗಿದರು. ಕ್ಲಿಪ್ಪು ಪಟ್ಟೆಂದಿತು. ಇನ್ನೊಂದು ದಾರ ಹಿಡಿದು ಜಗ್ಗಿದರು, ಅದೂ ಪಟ್ಟೆಂದಿತು. ಎರಡು ದಾರಗಳೂ ಬೀದಿಯ ಎರಡು ಬದಿಗೆ ಬೇರೆ ಬೇರೆ ಬಿದ್ದವು. ಅವರಿಗೆ ಇಷ್ಟವಾಯಿತು ಎಂದು ನನಗೆ ತಿಳಿಯಿತು, ಏಕೆಂದರೆ ಮುಖವನ್ನು ಇನ್ನಷ್ಟು ಗಂಟು ಹಾಕಿಕೊಂಡರು.

ಬಾಗಿಲ ಹಿಂದಿನಿಂದ ಅಕ್ಕ ಬಾಲ್ಕನಿಗೆ ಬಂದಳು. ಮೇಲೆ ಬಾ ಅಣ್ಣ ಎಂದಳು. ಎಲ್ಲರೂ ಇದ್ದರೆಂದು ಇರಬೇಕು, ಒಂದೇ ಸಲ ಹೇಳಿದಳು, ಅದೂ ಮೆಲ್ಲಗೆ.

ಭಾವ ತಮ್ಮ ಕೈ ನೋಡಿಕೊಂಡರು. "ಕೈಯೆಲ್ಲ ಹಿಟ್ಟಾಗಿದೆ," ಎಂದರು. ಆಮೇಲೆ ಟೇಪಣ್ಣನ ಕಡೆ ನೋಡದೆ, ಗಾಳಿಗೆ ಹೇಳುವವರಂತೆ, "ಭಾನುವಾರ ಬರ್ತೀನಿ ದೋಣಿಗೆ. ಇಷ್ಟುದ್ದದ ಕೋಲು ಹೇಗೆ ಮುರಿಯುತ್ತೆ ಅಂತ ನೋಡ್ಬೇಕು," ಎಂದು ಹೇಳಿ ಹೊರಟುಹೋದರು.

ಭಾವ ತಿರುವು ದಾಟುವವರೆಗೂ ಅಕ್ಕ ನಿಂತಿದ್ದಳು. ತಂಗಿಯ ಮನೆಗೆ ಬರಲು ಕೈ ತೊಳೆಯುವ ನೀರು ಇರಲಿಲ್ಲವೇ ಎಂದು ನನಗೆ ಸಿಟ್ಟು ಬಂತು. ಈಗಲೂ ಬರುತ್ತದೆ. ಇನ್‌ಸ್ಪೆಕ್ಟರ್ ನೆರಳಿನಿಂದ ಹೊರಬಂದು, ಹಾಗಾದರೆ ಭಾನುವಾರ ಇದು ಇಲ್ಲಿಂದ ಹೋಗುತ್ತದೆಯೇ ಎಂದು ಕೇಳಿದರು. ಹೋಗುತ್ತದೆ ಎಂದಾಗ ಅವರಿಗಾದಷ್ಟು ನೆಮ್ಮದಿ ಆ ದಿನ ಬೀದಿಯಲ್ಲಿ ಇನ್ಯಾರಿಗೂ ಆಗಲಿಲ್ಲ.

ಭಾನುವಾರ ದೋಣಿಕಟ್ಟೆಯ ಮೆಕ್ಯಾನಿಕ್ ಕೋಲುಗಳನ್ನು ಅಂಚಿಗೆ ಕೂರಿಸಿಕೊಟ್ಟ. ಕೂರಿಸುವಷ್ಟು ಹೊತ್ತೂ ತಲೆ ಅಲ್ಲಾಡಿಸುತ್ತಲೇ ಇದ್ದ. ಬೇಕರಿ ಭಾವ ಹೇಳಿದ ಹಾಗೆ ಬಂದರು, ಬಲಗಡೆ ಕೂತರು. ಟೇಪಣ್ಣ ಎಡಗಡೆ ಕೂತ. ಮಾತಿಲ್ಲ. ನನ್ನ ಬೆನ್ನಿನ ಹಿಂದೆ ಇಬ್ಬರು ದೊಡ್ಡ ಮನುಷ್ಯರು ಎರಡು ದಿಕ್ಕಿಗೆ ಮುಖ ಮಾಡಿ ಉಸಿರಾಡುವುದನ್ನು ಕೇಳುತ್ತ ನಾನು ದೋಣಿಯನ್ನು ಆಳಕ್ಕೆ ತಂದೆ.

ಕೋಲು ಬಾಗಿಸಿದರು, ದಾರ ಬಿಟ್ಟರು. ಮೊದಲು ಎಲ್ಲ ಚೆನ್ನಾಗಿತ್ತು. ದಾರಗಳು ಎಷ್ಟು ದೂರ ದೂರ ಹೋದವೆಂದರೆ, ಒಬ್ಬನ ಮೀನಿಗೂ ಇನ್ನೊಬ್ಬನ ಮೀನಿಗೂ ಪರಿಚಯವಾಗುವ ಸಂಭವವೇ ಇರಲಿಲ್ಲ. ಸಿಕ್ಕಿಲ್ಲ, ಜಗಳವಿಲ್ಲ, ಮಾತೂ ಇಲ್ಲ. ಟೇಪಣ್ಣ ಬಯಸಿದ್ದು ಇದನ್ನೇ ಆದರೂ ಅವನು ನನ್ನ ಕಡೆ ತಿರುಗಿ ನೋಡಿದಾಗ ಮುಖ ಬಾಡಿತ್ತು. ಜಗಳಕ್ಕೆ ಕಾರಣ ಇಲ್ಲದಂತೆ ಮಾಡಬಹುದು, ಮಾತಿಗೆ ಕಾರಣ ಎಲ್ಲಿಂದ ತರುವುದು? ಅದನ್ನು ಯಾವ ಅಂಗಡಿಯವನೂ ಇಟ್ಟಿರುವುದಿಲ್ಲ.

ಅಷ್ಟರಲ್ಲಿ ಅಲೆ ಸ್ವಲ್ಪ ದೊಡ್ಡದಾಯಿತು. ದೋಣಿ ಎಡಕ್ಕೆ ಹೊರಳಿದಾಗ ಎಡಗಡೆಯ ಕೋಲಿನ ತುದಿ ನೀರಿನಲ್ಲಿ ಮುಳುಗಿ ಹಿಡಿದುಕೊಂಡಿತು, ದೋಣಿ ಆ ಕಡೆಗೇ ತಿರುಗಿತು. ಬಲಕ್ಕೆ ಹೊರಳಿದಾಗ ಬಲಗಡೆಯದು. ಬುಡದ ಬೋಲ್ಟುಗಳು ಕಿರ್ ಎನ್ನತೊಡಗಿದವು. ಮೇಲಕ್ಕೆತ್ತಿ ಎಂದು ನಾನು ಕೂಗಿದೆ. ಎತ್ತಲು ನೋಡಿದರು, ಬುಡದ ಕಬ್ಬಿಣ ಆಗಲೇ ಬಾಗಿ ಕಚ್ಚಿಕೊಂಡಿತ್ತು. ಏಳಲೊಲ್ಲದು. ಬಿಟ್ಟರೆ ದೋಣಿಯ ಅಂಚನ್ನೇ ಕಿತ್ತುಕೊಂಡು ಹೋಗುವ ಹಾಗಿತ್ತು. ಕೊನೆಗೆ ಟೇಪಣ್ಣ ತನ್ನ ಕೋಲನ್ನು ತಬ್ಬಿಕೊಂಡು ಕೂತ, ಭಾವ ತಮ್ಮ ಕೋಲನ್ನು ತಬ್ಬಿಕೊಂಡು ಕೂತರು. ಗಾಳ ಹಿಡಿಯಲು ಕೈಯಿಲ್ಲ, ಅವುಗಳ ಪಾಡಿಗೆ ಅವು ಅಂಚಿನಲ್ಲಿ ಗಾಳ ಸಿಕ್ಕಿಸುವ ತೂತಿನಲ್ಲಿ ನಿಂತಿದ್ದವು. ನಾನು ದಡದ ಕಡೆ ತಿರುಗಿಸಿದೆ. ಜೋರಾಗಿ ಹೋಗುವಂತಿಲ್ಲ. ಬೆಳಗಿನ ದಾರಿ ಈಗ ಇಡೀ ದಿನದ ದಾರಿಯಾಯಿತು.

ಕೋಲು ತಬ್ಬಿ ಕೂತವರಿಗೆ ಮುಖ ತಿರುಗಿಸಿಕೊಳ್ಳಲು ಆಗುವುದಿಲ್ಲ. ಒತ್ತು ಕೊಡಬೇಕಾದರೆ ಬೆನ್ನು ಸಮುದ್ರದ ಕಡೆ, ಮುಖ ಒಳಗಡೆ. ಹೀಗಾಗಿ ಇಬ್ಬರೂ ಎದುರುಬದುರಾದರು. ಬಹಳ ಹೊತ್ತು ನನ್ನ ಬೆನ್ನನ್ನು ನೋಡಿದರು. ನನ್ನ ಬೆನ್ನಿನಲ್ಲಿ ಅಷ್ಟೇನೂ ನೋಡುವಂಥದ್ದಿಲ್ಲ.

ಮೊದಲು ಬಾಯಿಬಿಟ್ಟವರು ಭಾವ.

"ನನ್ನ ಜನ್ಮದಲ್ಲಿ ಹಿಡಿದ ದೊಡ್ಡ ಮೀನು ಅದೊಂದೇ," ಎಂದರು. "ಅದನ್ನೂ ನಾನೇ ಕತ್ತರಿಸಿದೆ. ನೀವು ನಕ್ಕಿರಿ."

"ನಗಬಾರದಿತ್ತು ಭಾವ."

"ಮೀನು ಹೋಗಿದ್ದಕ್ಕಲ್ಲ. ಮನೇಲಿ ನನ್ನ ನೋಡಿ ನಗೋರು ಬೇಕಾದಷ್ಟು ಜನ ಇದಾರೆ. ದೋಣಿಲಾದ್ರೂ ಇಲ್ಲ ಅಂದ್ಕೊಂಡಿದ್ದೆ."

ಟೇಪಣ್ಣ ಕೋಲನ್ನು ಇನ್ನಷ್ಟು ಬಿಗಿಯಾಗಿ ತಬ್ಬಿದ. ಒಂದು ಅಲೆ ಬಂದು ಇಬ್ಬರನ್ನೂ ನೆನೆಸಿ ಹೋಯಿತು.

"ಮೆಟ್ಟಿಲಲ್ಲಿ ಸದ್ದಾದ್ರೆ ಅವಳು ನೀವು ಅಂತ ಎದ್ದು ನಿಲ್ತಾಳೆ," ಎಂದ. "ಬೇರೆ ಯಾರೋ ಆಗಿರ್ತಾರೆ. ನನ್ನ ಏನೂ ಅನ್ನಲ್ಲ. ಒಂದು ಸಲ ಬೈದುಬಿಡು ಅಂದೆ, ಅದೂ ಬೈಯಲ್ಲ. ನನ್ನ ಕೈಲಿ ನೋಡೋಕಾಗಲ್ಲ ಭಾವ. ನಿಮಗೆ ಸಿಟ್ಟಿದ್ರೆ ನನ್ನ ಮೇಲೆ ಇಟ್ಕೊಳ್ಳಿ."

ಭಾವ ಮುಖ ಒರೆಸಿಕೊಳ್ಳಲು ಕೈ ಎತ್ತಲು ಹೋದರು, ಕೈ ಬಿಡುವಂತಿರಲಿಲ್ಲ. ಹಾಗೇ ಒದ್ದೆ ಮುಖದಲ್ಲಿ ಕೂತರು. ಉಪ್ಪುನೀರು ಎಲ್ಲ ಕಡೆ ಹಾರುತ್ತಿದ್ದುದರಿಂದ ನಾನು ಆ ವಿಷಯದಲ್ಲಿ ಖಚಿತವಾಗಿ ಏನೂ ಹೇಳುವುದಿಲ್ಲ.

ಆಗ ಪಟ್ಟೆಂದಿತು. ಎಡಗಡೆಯ ಕ್ಲಿಪ್ಪು. ಟೇಪಣ್ಣನ ಗಾಳ ಬಿಲ್ಲಿನಂತೆ ಬಾಗಿ, ದಾರ ಸರಸರನೆ ಓಡಲು ಶುರುವಾಯಿತು. ಟೇಪಣ್ಣ ಗಾಳದ ಕಡೆ ನೋಡಿದ, ತನ್ನ ತೋಳುಗಳ ಕಡೆ ನೋಡಿದ. ಅವನ ಜನ್ಮದಲ್ಲಿ ಗಾಳಕ್ಕೆ ಬಿದ್ದ ಮೊದಲನೆಯ ಮೀನು ಅದು. ಹೋಗಲಿ ಬಿಡಿ, ದೋಣಿ ಉಳಿಯಲಿ ಎಂದ.

ಬೇಕರಿ ಭಾವ ತಮ್ಮ ಕೋಲನ್ನು ಬಿಟ್ಟು ಎದ್ದರು. ಅಷ್ಟು ದಪ್ಪ ದೇಹ ಅಷ್ಟು ಬೇಗ ದೋಣಿ ದಾಟಿದ್ದನ್ನು ನಾನು ಹಿಂದೆಂದೂ ಕಂಡಿಲ್ಲ. ಬಂದು ಟೇಪಣ್ಣನ ಕೋಲನ್ನು ಅವನನ್ನೂ ಸೇರಿಸಿ ತಬ್ಬಿ ಹಿಡಿದರು.

"ಕೈ ತೆಗೀರಿ. ಗಾಳ ಹಿಡೀರಿ. ನಾನಿದೀನಿ."

ಬಲಗಡೆಯ ಕೋಲು ಒಂದು ಸಲ ಎದ್ದು, ನೀರಿಗೆ ಬಿದ್ದು, ಬುಡಸಮೇತ ಅಂಚಿನ ಒಂದು ತುಂಡನ್ನು ಕಿತ್ತುಕೊಂಡು ಹೋಯಿತು. ಹೋಗುವಾಗ ಕೊಡಲಿ ಏಟಿನಂಥ ಸದ್ದು ಮಾಡಿತು. ಅವರಿಬ್ಬರಿಗೂ ಅದು ಕೇಳಿಸಲಿಲ್ಲ. ಟೇಪಣ್ಣ ದಾರ ಸುತ್ತುತ್ತಿದ್ದ, ಭಾವ ಅವನ ಕಿವಿಯ ಹತ್ತಿರ ನಿಧಾನ, ನಿಧಾನ, ಈಗ ಬಿಡಿ, ಈಗ ಎಳೀರಿ ಎನ್ನುತ್ತಿದ್ದರು. ಇಬ್ಬರಿಗೂ ಮೀನು ಹಿಡಿಯಲು ಬರುವುದಿಲ್ಲ ಎಂದು ಆಗಲೇ ಹೇಳಿದ್ದೇನೆ. ಆದರೂ ಮೀನು ಬಂತು. ಒಳ್ಳೆಯ ಮೀನು. ದೋಣಿಯೊಳಗೆ ಬಿದ್ದು ಹೊರಳಾಡಿತು, ಅದರ ಜೊತೆ ಅವರಿಬ್ಬರೂ ಹೊರಳಾಡಿದರು.

ಎಲ್ಲ ತಣ್ಣಗಾದ ಮೇಲೆ ಟೇಪಣ್ಣ ತಲೆಯೆತ್ತಿ ಬಲಗಡೆ ನೋಡಿದ.

"ಕೋಲೆಲ್ಲಿ?"

"ಹೋಯ್ತು."

"ಹೋಯ್ತು ಅಂದ್ರೆ? ಯಾರ್ರೀ ಬಿಡಿ ಅಂದಿದ್ದು?"

"ನಿಮ್ಮ ಮೀನಿಗೋಸ್ಕರ ಬಿಟ್ಟೆ."

"ಮೀನು ಹೋಗಲಿ ಅಂತ ಹೇಳಲಿಲ್ವಾ ನಾನು?"

ಭಾವನ ಮುಖ ಕೆಂಪಾಯಿತು. ಅಷ್ಟುದ್ದದ ಕೋಲು ತರೋರಿಗೆ ಬುದ್ಧಿ ಇರಬೇಕಾಗಿತ್ತು ಎಂದರು. ಉದ್ದ ತಂದಿದ್ದಕ್ಕೇ ಮೀನು ಬಿತ್ತು ಎಂದ ಟೇಪಣ್ಣ. ಅಲ್ಲಿಂದ ದಡದವರೆಗೆ ನಾನು ಅನುಭವಿಸಿದ್ದನ್ನು ಯಾವ ಶತ್ರುವೂ ಅನುಭವಿಸಬಾರದು. ದೋಣಿಕಟ್ಟೆಯಲ್ಲಿ ಮೆಕ್ಯಾನಿಕ್ಕನ್ನು ನ್ಯಾಯಕ್ಕೆ ಕರೆದರು, ಅವನು ಓಡಿಹೋದ. ಮುಂದಿನ ಸಲ ಸರಿದು ಗಿಡ್ಡವಾಗುವುದನ್ನೇ ತರಬೇಕು ಎಂದು ಭಾವ, ಕಾರ್ಬನ್ನಿನದು ಎಂದು ಟೇಪಣ್ಣ. ದೋಣಿ ಮಾರುವ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ನನ್ನ ಕಿವಿ ತೂತಾಗಿ, ಮೀನು ನೇತುಹಾಕಿಕೊಂಡು ಅವರಿಗಿಂತ ಮುಂದೆ ನಡೆದುಬಿಟ್ಟೆ.

ಮನೆಯ ಹತ್ತಿರ ಬಂದಾಗ ಅಕ್ಕ ಬಾಲ್ಕನಿಯಲ್ಲಿ ನಿಂತಿದ್ದಳು. ಬೆಳಗಿನಿಂದ ಎಷ್ಟು ಸಲ ಬಂದು ನಿಂತಿದ್ದಳೋ. ನನ್ನನ್ನು ಕಂಡಳು, ನನ್ನ ಕೈಯ ಮೀನನ್ನು ನೋಡಲಿಲ್ಲ, ನನ್ನ ಹಿಂದೆ ಖಾಲಿ ಬೀದಿಯನ್ನು ನೋಡಿದಳು. ಅವರೆಲ್ಲಿ ಎಂದು ಕೇಳಲು ಬಾಯಿ ತೆರೆದವಳು ಕೇಳಲಿಲ್ಲ. ಕೇಳಿದರೆ ಏನು ಉತ್ತರ ಬರುತ್ತದೋ ಎಂದು ಹೆದರಿದಳು. ನಾನೂ ಹಿಂದಿರುಗಿ ನೋಡಿದರೆ ಅವರು ಕಾಣಿಸುತ್ತಿರಲಿಲ್ಲ. ಬೇಕರಿಯ ತಿರುವಿನಲ್ಲಿ ಭಾವ ತಮ್ಮ ಮನೆಯ ದಾರಿ ಹಿಡಿದುಬಿಟ್ಟರೇ?

ಆಗ ತಿರುವಿನ ಆಚೆಯಿಂದ ಧ್ವನಿಗಳು ಕೇಳಿಸಿದವು. ಮೊದಲು ಒಂದು, ಅದರ ಮೇಲೆ ಇನ್ನೊಂದು, ಆಮೇಲೆ ಎರಡೂ ಒಟ್ಟಿಗೆ. ದರ್ಜಿಗಳಿಗೆ ಅಳತೆ ಬಿಟ್ಟರೆ ಬೇರೇನೂ ಗೊತ್ತಿಲ್ಲ, ಅದೂ ಸರಿಯಾಗಿ ಗೊತ್ತಿಲ್ಲ ಎಂಬ ಮಾತು ಸ್ಪಷ್ಟವಾಗಿ ಕೇಳಿತು. ಬೀದಿಯ ಕಿಟಕಿಗಳು ಒಂದೊಂದಾಗಿ ತೆರೆದವು. ಗಣಿತದ ಟೀಚರ್ ತಲೆಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಬಾಗಿ, ಇದೇನು ಗಲಾಟೆ, ಮರ್ಯಾದಸ್ಥರು ಇರುವ ಬೀದಿಯಲ್ಲವೇ, ಯಾರಾದರೂ ಹೋಗಿ ಬಾಯಿ ಮುಚ್ಚಿಸಬಾರದೇ ಎಂದು ಅಕ್ಕನನ್ನು ಕೇಳಿದರು.

ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು, ನಗುತ್ತಲೂ ಇದ್ದಳು.

"ಬೈಕೊಳ್ಳಲಿ ಬಿಡಿ ಟೀಚರ್," ಎಂದಳು. "ನಮ್ಮಣ್ಣ ಮನೆಗೆ ಬರ್ತಾ ಇದಾನೆ."